ಬಿಳಿ ಗೋಡೆಯ ಬಲ ಅಂಚಿನ ಕೆಂಪು

ಇಳಕಲ್ಲಿನಲ್ಲಿರುವ ನನ್ನ ಹೆಂಡತಿಯ ತವರುಮನೆಯಲ್ಲಿ ತೆಗೆದ ಒಂದು ಚಿತ್ರದ ಬಲ ಅಂಚಿನಲ್ಲಿ, ಸುಣ್ಣ ಬಳಿದ ಗೋಡೆಯ ಮೇಲೆ, ಕುಂಕುಮ ಕದಡಿದ ನೀರನ್ನು ಯಾರೋ ಎರಚಿದಂತೆ ಕೆಂಪು ಕಾಣಿಸಿತು. ನಡುವೆ ಗೋಡೆ ಅಚ್ಚ ಬಿಳಿಯಾಗಿಯೇ ಇತ್ತು. ಬಲಕ್ಕೆ ಸರಿದಂತೆ ಮೆಲ್ಲಗೆ ಗುಲಾಬಿಗೆ ತಿರುಗಿ, ಮೂಲೆಯಲ್ಲಿ ನೇರಳೆಗೆಂಪಾಗಿ ನಿಂತಿತ್ತು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಕಂಪ್ಯೂಟರಿನ ಪರದೆಯನ್ನು ಒರೆಸಿ ನೋಡಿದೆ. ಕೆಂಪು ಅಲ್ಲಿಯೇ ಇತ್ತು.

ಆ ಚಿತ್ರವನ್ನು ಕೇಳಿದವನು ನನ್ನ ಹೆಂಡತಿಯ ತಮ್ಮ. ಅವನು ನೇಕಾರ. ಇಳಕಲ್ಲಿನ ಬಸ್ ನಿಲ್ದಾಣದ ಹತ್ತಿರ ಸೀರೆಯ ಅಂಗಡಿಯೊಂದನ್ನು ತೆರೆಯುವವನಿದ್ದ. ಅಂಗಡಿಯ ಹಿಂದಿನ ಗೋಡೆ ತುಂಬುವಷ್ಟು ದೊಡ್ಡದಾಗಿ ತನ್ನ ಮಗ್ಗದ ಕೋಣೆಯ ಚಿತ್ರ ಬೇಕು, ಈ ತುದಿಯಿಂದ ಆ ತುದಿಯವರೆಗೆ ಏನನ್ನೂ ಬಿಡಬಾರದು ಎಂದು ಹೇಳಿದ್ದ. ಕೋಣೆ ಉದ್ದವಾಗಿದೆ, ಆದರೆ ಬಹಳ ಇಕ್ಕಟ್ಟು. ಬೆನ್ನನ್ನು ಗೋಡೆಗೆ ಒತ್ತಿ ನಿಂತರೂ ಸಾಮಾನ್ಯ ಲೆನ್ಸಿಗೆ ಅರ್ಧ ಮಗ್ಗ ಮಾತ್ರ ಸಿಗುತ್ತದೆ. ಅದಕ್ಕಾಗಿ ನಾನು ನನ್ನ ಹಳೆಯ ಅಗಲ ನೋಟದ ಲೆನ್ಸನ್ನು ಹೊರತೆಗೆದಿದ್ದೆ. ಹಳೆಯ ಬಾಗಲಕೋಟೆಯಲ್ಲಿ ನನ್ನ ಫೋಟೋ ಸ್ಟುಡಿಯೋ ಇದ್ದ ಕಾಲದ ಲೆನ್ಸ್ ಅದು. ಆ ಓಣಿಗೆ ಅಣೆಕಟ್ಟಿನ ಹಿನ್ನೀರು ಬಂದಾಗ ನಾನು ಬಾದಾಮಿಗೆ ಬಂದು ನೆಲೆಸಿದೆ. ಲೆನ್ಸ್ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಜೊತೆಗೇ ಬಂತು. ಕ್ಯಾಮೆರಾ ಮಾತ್ರ ಹೊಸದು, ಅಂದರೆ ನನಗೆ ಹೊಸದು. ಪುಣೆಯಲ್ಲಿ ಯಾರೋ ಬಳಸಿ ಬಿಟ್ಟ ಡಿಜಿಟಲ್ ರೇಂಜ್‌ಫೈಂಡರ್. ಈ ವಯಸ್ಸಿನಲ್ಲಿ ಇವನಿಗೆ ಇದೇನು ಹುಚ್ಚು ಎಂದು ಆಡಿಕೊಂಡವರು ಯಾರು, ಯಾವ ಮದುವೆಯ ಊಟದ ಪಂಕ್ತಿಯಲ್ಲಿ ಆಡಿಕೊಂಡರು ಎಂಬುದು ನನಗೆ ಗೊತ್ತಿದೆ. ಇಲ್ಲಿ ಹೇಳುವುದಿಲ್ಲ.

ಈ ಜಾತಿಯ ಕ್ಯಾಮೆರಾದಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಎಡ ತುದಿಯಲ್ಲಿರುವ ಒಂದು ಚಿಕ್ಕ ಕಿಟಕಿಗೆ ಬಲಗಣ್ಣನ್ನು ಹಚ್ಚುತ್ತೇವೆ. ಎಡಗಣ್ಣು ಕ್ಯಾಮೆರಾದ ಆಚೆ ತೆರೆದೇ ಇರುತ್ತದೆ. ಚೌಕಟ್ಟಿನೊಳಗೆ ಏನಿದೆ ಎಂಬುದನ್ನು ಒಂದು ಕಣ್ಣು, ಚೌಕಟ್ಟಿನೊಳಗೆ ಬರಲಿರುವುದು ಏನು ಎಂಬುದನ್ನು ಇನ್ನೊಂದು ಕಣ್ಣು ನೋಡಿಕೊಳ್ಳಬೇಕು. ನನ್ನ ದುಡಿಮೆಯ ಆಯುಷ್ಯವೆಲ್ಲ ಹೀಗೆಯೇ ಕಳೆದದ್ದು. ಆದರೆ ಇತ್ತೀಚೆಗೆ ಜನರಲ್ಲಿ ಶಿಸ್ತೇ ಉಳಿದಿಲ್ಲ, ಎಡಗಡೆಯಿಂದ ಹೇಳದೆ ಕೇಳದೆ ಚಿತ್ರದೊಳಗೆ ನುಗ್ಗಿಬಿಡುತ್ತಾರೆ ಎಂದು ನಾನು ಹೆಂಡತಿಯ ಮುಂದೆ ಹಲವು ಸಲ ದೂರಿದ್ದೆ. ಅವಳು ಕೇಳಿಸಿಕೊಳ್ಳುತ್ತಿದ್ದಳು, ಒಮ್ಮೊಮ್ಮೆ ನನ್ನ ಮುಖವನ್ನು ದಿಟ್ಟಿಸುತ್ತಿದ್ದಳು.

ಬಾದಾಮಿಯ ನಮ್ಮ ಮನೆಗೆ ಬಂದು ಚಿತ್ರವನ್ನು ಮೊದಲ ಸಲ ನೋಡಿದಾಗ ಅವಳ ತಮ್ಮ ಪರದೆಯ ಹತ್ತಿರ ಮುಖ ತಂದು ಹೇಳಿದ:

"ಮಾವಾರ, ಇದೇನ್ರಿ, ಮಗ್ಗದ ಮ್ಯಾಲಿನ ಸೆರಗಿನ ಕೆಂಪು ಸೋರಿ ಗ್ವಾಡಿಗೆ ಹತ್ತೇತಿ. ನಮ್ಮ ಸೀರಿ ಬಣ್ಣ ಬಿಡೂದಿಲ್ಲಂತ ಗಿರಾಕಿ ಮುಂದ ಆಣಿ ಮಾಡಿ ಹೇಳಾಂವ ನಾ. ಇದನ್ನ ಅಂಗಡ್ಯಾಗ ಹಚ್ಚಿದ್ರ ಯಾರ್ ನಂಬ್ತಾರ?"

"ತಿದ್ದಿ ಕೊಡ್ತೇನಿ," ಎಂದೆ.

"ತಿದ್ರಿ, ಅವಸರ ಇಲ್ಲ. ಆದ್ರ ಒಂದ್ ಮಾತು ಕೇಳ್ಬೇಕಂತ ಮನಸಿನ್ಯಾಗ ಇಟ್ಕೊಂಡೇನಿ. ಮೊನ್ನಿ ಹುನಗುಂದ ಬಸ್ ಸ್ಟ್ಯಾಂಡಿನ್ಯಾಗ ನಿಮ್ಮ ಮಗ್ಗಲದಾಗ ನಿಂತು ಕೈ ಮಾಡಿದೆ. ತಿರುಗಿ ಸುದ್ದಾ ನೋಡಲಿಲ್ಲ. ಬಾದಾಮಿಗೆ ಹೋದ ಮ್ಯಾಲೆ ಇಳಕಲ್ ಮಂದಿ ಕಣ್ಣಿಗೆ ಹತ್ತೂದಿಲ್ಲೇನು?"

"ಕೂಗಬೇಕಾಗಿತ್ತು."

"ಬಾಯಿ ತುಂಬ ಎಲಿ ಅಡಕಿ ಇತ್ರಿ."

ಅವನು ನಕ್ಕ. ನಾನು ನಗಲಿಲ್ಲ. ಏಕೆಂದರೆ ಆ ದಿನ ಹುನಗುಂದದಲ್ಲಿ ಭೇಟಿಯಾಗುತ್ತೇನೆ ಎಂದು ಮಾತು ಕೊಟ್ಟು ಬಾರದೇ ಹೋದವನು ಅವನೇ ಎಂದು ನಾನು ತಿಳಿದಿದ್ದೆ. ಬಿಸಿಲಿನಲ್ಲಿ ಕಾದು, ಆ ಅವಮಾನವನ್ನು ನನ್ನ ಲೆಕ್ಕದಲ್ಲಿ ಬರೆದುಕೊಂಡು, ಅವನನ್ನು ಬಿಟ್ಟು ಬಸ್ಸು ಹತ್ತಿದ್ದೆ. ಈಗ ಅವನು ನನ್ನ ಮಗ್ಗುಲಲ್ಲೇ ನಿಂತಿದ್ದೆನೆಂದು ಹೇಳುತ್ತಿದ್ದಾನೆ. ಸುಳ್ಳು ಹೇಳುತ್ತಿದ್ದಾನೆ ಎಂದು ನಂಬುವುದು ಆಗ ನನಗೆ ಸುಲಭವಾಗಿತ್ತು.

ಕೆಂಪಿನ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆಯಾಗಿತ್ತು. ಅದೇ ಲೆನ್ಸನ್ನು ಅದೇ ಕ್ಯಾಮೆರಾಕ್ಕೆ ಹಾಕಿ ನಾನು ಬಾದಾಮಿಯಲ್ಲಿ ಹಲವು ದಿನ ಪರೀಕ್ಷಿಸಿದ್ದೆ. ಗುಡ್ಡ, ಹೊಂಡದ ದಂಡೆ, ನಮ್ಮ ಓಣಿ, ಎಲ್ಲವನ್ನೂ ತೆಗೆದಿದ್ದೆ. ಒಂದರಲ್ಲಿಯೂ ದೋಷ ಕಂಡಿರಲಿಲ್ಲ. ಹಾಗಾದರೆ ಈಗ ಕಾಣುತ್ತಿರುವುದು ಚಿತ್ರದಲ್ಲಿದೆಯೋ, ನನ್ನ ಕಣ್ಣಿನಲ್ಲಿದೆಯೋ?

ಈ ಅನುಮಾನ ತಾನಾಗಿ ಹುಟ್ಟಿದ್ದಲ್ಲ, ಒಬ್ಬರು ಬಿತ್ತಿದ್ದು. ಬಾಗಲಕೋಟೆಯಲ್ಲಿ ಹವ್ಯಾಸಿ ಛಾಯಾಗ್ರಾಹಕರು ಆಗಾಗ ಸೇರುತ್ತಾರೆ. ಅಲ್ಲಿ ಒಬ್ಬ ಗೃಹಸ್ಥರಿದ್ದಾರೆ. ನನ್ನ ಸ್ಟುಡಿಯೋದಲ್ಲಿ ತಮ್ಮ ಮದುವೆಯ ಚಿತ್ರ ತೆಗೆಸಿಕೊಂಡು, ಇಂದಿಗೂ ಅದು ಚೆನ್ನಾಗಿ ಬಂದಿದೆ ಎಂಬ ಒಂದು ಮಾತು ಆಡದವರು. ಕಳೆದ ಸಲ ನನ್ನ ಚಿತ್ರವೊಂದನ್ನು ಎಲ್ಲರೆದುರು ಕೈಯಲ್ಲಿ ಹಿಡಿದು ದೂರ ಮಾಡಿ, ಹತ್ತಿರ ಮಾಡಿ ನೋಡಿದರು. ಆಮೇಲೆ, "ಹಿರಿಯಾರ, ಲೆನ್ಸ್ ತೋರ್ಸೂಕಿಂತ ಮೊದಲ ಕಣ್ಣು ತೋರಸ್ರಿ," ಎಂದರು. ಕುಳಿತವರಲ್ಲಿ ಕೆಲವರು ನಕ್ಕರು. ನಕ್ಕವರ ಮುಖಗಳು ನನಗೆ ನೆನಪಿವೆ. ಆದರೆ ಬಸ್ಸಿನಲ್ಲಿ ಮರಳಿ ಬರುವಾಗ ನನ್ನನ್ನು ಕಾಡಿದ್ದು ಸಿಟ್ಟಲ್ಲ, ನಮ್ಮ ತಂದೆಯ ನೆನಪು.

ನಮ್ಮ ತಂದೆ ಹುನಗುಂದದ ಕಡೆಯ ಒಂದು ಹಳ್ಳಿಯಲ್ಲಿ ಶಾಲೆಯ ಮಾಸ್ತರರಾಗಿದ್ದರು. ಅವರ ದೃಷ್ಟಿ ಅಂಚಿನಿಂದ ಹೋಯಿತು. ಎದುರಿಗಿದ್ದ ಪುಸ್ತಕದ ಅಕ್ಷರವನ್ನು ಕೊನೆಯವರೆಗೂ ಓದುತ್ತಿದ್ದರು, ಆದ್ದರಿಂದ ಕಣ್ಣು ಹೋಗುತ್ತಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಓಣಿಯಲ್ಲಿ ಪಕ್ಕದಿಂದ "ಶರಣ್ರಿ ಮಾಸ್ತರ" ಎಂದು ಕೈ ಮುಗಿದವರಿಗೆ ಅವರು ಮರುವಂದನೆ ಮಾಡುತ್ತಿರಲಿಲ್ಲ. ಮಾಸ್ತರರಿಗೆ ಸೊಕ್ಕು ಬಂದಿದೆ ಎಂದು ಊರು ತೀರ್ಮಾನಿಸಿತು. ಅವರೂ ಅದನ್ನು ಅಲ್ಲಗಳೆಯಲಿಲ್ಲ. ಕುರುಡ ಎನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವ ಎನ್ನಿಸಿಕೊಳ್ಳುವುದೇ ಅವರಿಗೆ ಒಪ್ಪಿಗೆಯಾಗಿತ್ತೆಂದು ತೋರುತ್ತದೆ. ಒಂದು ಸಂಜೆ ಹಿತ್ತಲಲ್ಲಿ ಎತ್ತು ಪಕ್ಕದಿಂದ ಬಂದದ್ದು ಕಾಣದೆ ನೇರವಾಗಿ ಅದರ ಕೊಂಬಿಗೆ ಹೋದರು. ದವಾಖಾನೆಗೆ ಒಯ್ದಾಗ ವೈದ್ಯರು ಗಾಯ ಹೊಲಿದು, ಕಣ್ಣಿಗೆ ದೀಪ ಹಿಡಿದು ನೋಡಿ, ಇನ್ನು ಮಾಡುವುದೇನೂ ಉಳಿದಿಲ್ಲ ಎಂದರು. ಕೊನೆಯ ವರ್ಷಗಳಲ್ಲಿ ಅವರು ಕೊಳವೆಯೊಳಗಿಂದ ನೋಡುವವರಂತೆ ಕತ್ತನ್ನು ತಿರುಗಿಸಿ ತಿರುಗಿಸಿ ನಮ್ಮ ಮುಖಗಳನ್ನು ಹುಡುಕುತ್ತಿದ್ದರು. ನನ್ನ ಮುಖ ಸಿಕ್ಕಾಗ ಅವರ ಕತ್ತು ನಿಲ್ಲುತ್ತಿದ್ದ ರೀತಿಯನ್ನು ನಾನು ಮರೆತಿಲ್ಲ.

ಆದ್ದರಿಂದ ಅಂಚು ಎಂಬ ಮಾತು ಕೇಳಿದರೆ ನನಗೆ ಭಯ. ಪರದೆಯ ಮೇಲಿನ ಆ ಕೆಂಪನ್ನು ಹೆಂಡತಿಗೆ ತೋರಿಸಿ, "ನಿನಗೂ ಕಾಣ್ತೈತೇನು?" ಎಂದು ಕೇಳಿದ್ದರೆ ಅರ್ಧ ಪ್ರಶ್ನೆ ಅಲ್ಲಿಯೇ ಬಗೆಹರಿಯುತ್ತಿತ್ತು. ಕೇಳಲಿಲ್ಲ. ಅವಳು ಇಲ್ಲ ಎಂದುಬಿಟ್ಟರೆ ಏನು ಮಾಡಲಿ? ತಮ್ಮನಿಗೆ ಕಂಡಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಅವನು ಕುಚೋದ್ಯದ ಮನುಷ್ಯ, ನಾನು ಅಂಚನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು ಆಡಿರಬಹುದು ಎಂದು ಮನಸ್ಸು ವಾದಿಸಿತು.

ಕಾರಣವನ್ನು ನಾನು ಓದಿ ತಿಳಿದುಕೊಂಡೆ. ರೇಂಜ್‌ಫೈಂಡರಿನ ಅಗಲ ಲೆನ್ಸು ಕ್ಯಾಮೆರಾದ ಒಡಲಿಗೆ ಬಹಳ ಹತ್ತಿರ ಕೂರುತ್ತದೆ. ಅದರಿಂದ ಹೊರಟ ಬೆಳಕು ನಡುವೆ ನೆಟ್ಟಗೆ ಬೀಳುತ್ತದೆ, ಅಂಚಿನಲ್ಲಿ ತೀರ ಓರೆಯಾಗಿ ಬೀಳುತ್ತದೆ. ಫಿಲ್ಮಿಗೆ ಇದರಿಂದ ತೊಂದರೆ ಇರಲಿಲ್ಲ. ಅದು ಎಂಥ ಓರೆ ಬೆಳಕನ್ನೂ ಹೀರಿಕೊಳ್ಳುತ್ತಿತ್ತು. ಫಿಲ್ಮಿನ ಜಾಗದಲ್ಲಿರುವ ಡಿಜಿಟಲ್ ಸೆನ್ಸರಿನ ಮೇಲೆ ಮಾತ್ರ ಬಣ್ಣಬಣ್ಣದ ಅತಿ ಸಣ್ಣ ಗಾಜಿನ ಮನೆಗಳಿರುತ್ತವೆ. ಓರೆಯಾಗಿ ಬಂದ ಬೆಳಕು ತನ್ನ ಮನೆ ಬಿಟ್ಟು ನೆರೆಯವರ ಮನೆಗೆ ನುಗ್ಗುತ್ತದೆ. ಬಣ್ಣ ಕೆಡುವುದು ಹಾಗೆ. ಹಳೆಯ ಲೆನ್ಸು, ಡಿಜಿಟಲ್ ಕ್ಯಾಮೆರಾ ಇಂಥ ಜೋಡಿಗಳಲ್ಲಿ ಈ ದೋಷ ಸಹಜ, ಒಂದೇ ಅಂಚಿನಲ್ಲಿ ಕಾಣುವುದೂ ಉಂಟು ಎಂದು ಓದಿದಾಗ ನನಗೆ ಎದೆ ಹಗುರಾಯಿತು. ಬಾದಾಮಿಯಲ್ಲಿ ಅದು ಏಕೆ ಕಾಣಲಿಲ್ಲ ಎಂಬುದೂ ಹೊಳೆಯಿತು. ನಮ್ಮ ಕೆಂಪು ಗುಡ್ಡದ ಬಲ ಅಂಚು ಇನ್ನಷ್ಟು ಕೆಂಪಾದರೆ ಯಾರಿಗೆ ತಿಳಿಯಬೇಕು?

ಮೊದಲು ಕ್ಯಾಮೆರಾದೊಳಗಿನ ಲೆನ್ಸುಗಳ ಪಟ್ಟಿಯಲ್ಲಿ ಇದೇ ಅಳತೆಯ ಹೊಸ ಲೆನ್ಸಿನ ಹೆಸರನ್ನು ಆರಿಸಿ, ಇದು ಅದೇ ಲೆನ್ಸು ಎಂದು ಅದನ್ನು ನಂಬಿಸಿದೆ. ಕ್ಯಾಮೆರಾ ತಾನೇ ಸ್ವಲ್ಪ ತಿದ್ದಿತು. ಕೆಂಪು ತಗ್ಗಿತು, ಹೋಗಲಿಲ್ಲ. ಇನ್ನು ಉಳಿದದ್ದು ಸರಿಯಾದ ವಿಧಾನ. ಒಂದೇ ಸಮನಾಗಿ ಬೆಳಗಿದ ಬಿಳಿಯ ಮೇಲ್ಮೈಯನ್ನು ಅದೇ ಲೆನ್ಸಿನಿಂದ, ಬೆಳಕಿನ ಕಿಂಡಿಯನ್ನು ಅಷ್ಟೇ ತೆರೆದಿಟ್ಟು ತೆಗೆಯಬೇಕು. ಆ ಚಿತ್ರದಲ್ಲಿ ಬಿಳಿಯಲ್ಲದ್ದು ಏನಿದೆಯೋ ಅದೆಲ್ಲ ಲೆನ್ಸಿನ ತಪ್ಪು. ಕಂಪ್ಯೂಟರು ಆ ತಪ್ಪನ್ನು ಅಳೆದು, ನಿಜವಾದ ಚಿತ್ರದಿಂದ ಕಳೆಯುತ್ತದೆ.

ಮನೆಯ ಅಂಗಳದಲ್ಲಿ ಹಗ್ಗಕ್ಕೆ ನನ್ನ ಒಗೆದ ಧೋತರವನ್ನು ಸುಕ್ಕಿಲ್ಲದಂತೆ ಎಳೆದು ಕಟ್ಟಿದೆ. ನೆರಳಿನ ಹೊತ್ತು ನೋಡಿ, ಚೌಕಟ್ಟು ತುಂಬುವಂತೆ ನಿಂತು ತೆಗೆದೆ. ಕಂಪ್ಯೂಟರಿಗೆ ಕೊಟ್ಟು, ಇಳಕಲ್ಲಿನ ಚಿತ್ರವನ್ನು ತಿದ್ದಿಸಿದೆ. ಮಗ್ಗದ ಕೋಣೆ ಪರದೆಯ ಮೇಲೆ ಮತ್ತೆ ಮೂಡಿತು. ಬಲ ಅಂಚಿನ ಕೆಂಪು ಹೋಗಿತ್ತು. ಅದರ ಜಾಗದಲ್ಲಿ ಗೋಡೆ ಹಸಿರಾಗಿತ್ತು. ಹಳೆಯ ತಾಮ್ರದ ಪಾತ್ರೆಯ ಕಿಲುಬಿನಂಥ ತೆಳು ಹಸಿರು.

ಮತ್ತೆ ತೆಗೆದೆ, ಮತ್ತೆ ಹಸಿರು. ಇನ್ನೊಂದು ಧೋತರ ಕಟ್ಟಿದೆ. ಒಂದು ದಿನ ಬಿಟ್ಟು ಮತ್ತೆ ಮಾಡಿದೆ. ಕೆಲಸದ ಒಂದು ಹೆಜ್ಜೆಯನ್ನೂ ನಾನು ತಪ್ಪಿರಲಿಲ್ಲ. ವಿಧಾನ ಸರಿ, ಯಂತ್ರ ಸರಿ, ಅಳತೆ ಸರಿ. ಹಾಗಿದ್ದರೆ ತಪ್ಪು ಉಳಿದಿರುವುದು ನೋಡುವವನಲ್ಲಿ. ಆ ದಿನಗಳಲ್ಲಿ ನಾನು ಊಟಕ್ಕೆ ಕುಳಿತಾಗ ತಟ್ಟೆಯ ನಡುವಿನ ರೊಟ್ಟಿಯನ್ನು ದಿಟ್ಟಿಸುತ್ತ, ಅಂಚಿನಲ್ಲಿಟ್ಟ ಚಟ್ನಿ ಕಾಣುತ್ತದೆಯೇ ಎಂದು ಕಳ್ಳನಂತೆ ಪರೀಕ್ಷಿಸಿಕೊಳ್ಳುತ್ತಿದ್ದೆ. ಕಾಣುತ್ತಿತ್ತು. ಕಂಡರೂ, ನೆನಪಿನಿಂದ ಕಾಣುತ್ತಿದ್ದೇನೆಯೇ ಎಂದು ಸಂಶಯ. ಹೊರಗೆ ಹೋಗುವುದನ್ನು ಕಡಿಮೆ ಮಾಡಿದೆ. ದನಗಳು ಬರುವ ಹೊತ್ತಿಗೆ ಕದ ಹಾಕಿಕೊಳ್ಳುತ್ತಿದ್ದೆ.

ಒಂದು ಮುಂಜಾನೆ ಹೆಂಡತಿ ಚಹಾ ತಂದಿಟ್ಟು ಪರದೆಯ ಮುಂದೆ ನಿಂತಳು.

"ಏನ್ರಿ, ನಮ್ಮ ತವರುಮನಿ ಗ್ವಾಡಿ ಈ ಬಾಜೂ ಯಾಕ ಹಸರಾಗೈತಿ? ಪಾಚಿ ಕಟ್ಟಿದಂಗ."

"ನಿನಗ ಕಾಣ್ತೈತಿ?"

"ಕಾಣದ ಏನ್ರಿ? ನನ್ನ ತಮ್ಮ ನೋಡಿದ್ರ ಸುಣ್ಣದ ರೊಕ್ಕ ವಾಪಸ್ ಕೇಳ್ತಾನ."

ನಾನು ಕಪ್ಪನ್ನು ಕೆಳಗಿಟ್ಟೆ. ಹಸಿರು ಚಿತ್ರದಲ್ಲಿಯೇ ಇದೆ. ಅವಳಿಗೂ ಕಾಣುತ್ತಿದೆ. ನಾನು ಎಷ್ಟೋ ದಿನಗಳ ಮೇಲೆ ಉಸಿರನ್ನು ಪೂರ್ತಿಯಾಗಿ ಬಿಟ್ಟೆ.

"ಧೋತ್ರದ ಫೋಟೋ ತೆಗದೇನಿ, ಅದನ್ನ ನೋಡಿ ತಿದ್ದೂದು," ಎಂದು ಅವಳಿಗೆ ವಿವರಿಸಿ ಅಂಗಳಕ್ಕೆ ಕರೆದುಕೊಂಡು ಹೋದೆ. ಧೋತರ ಇನ್ನೂ ಹಗ್ಗದ ಮೇಲಿತ್ತು. ಅದರ ಬಲಕ್ಕೆ ನಮ್ಮ ಕೆಂಪು ಕಲ್ಲಿನ ಗೋಡೆ. ಎದುರಿನಿಂದ ಬಿಸಿಲು ಗೋಡೆಯ ಒಳಮೈಗೆ ಬಡಿಯುತ್ತಿತ್ತು. ಗೋಡೆ ಆ ಬೆಳಕನ್ನು ಕೆಂಪಗೆ ಮಾಡಿ ಧೋತರದ ಬಲ ಸೆರಗಿಗೆ ಕಳಿಸುತ್ತಿತ್ತು. ನಾನು ಬಿಳಿ ಎಂದು ಕ್ಯಾಮೆರಾಕ್ಕೆ ತೋರಿಸಿದ್ದು ಬಿಳಿಯೇ ಆಗಿರಲಿಲ್ಲ. ಆ ಕೆಂಪನ್ನೂ ಲೆನ್ಸಿನ ತಪ್ಪೆಂದು ತಿಳಿದು ಕಂಪ್ಯೂಟರು ಅಗತ್ಯಕ್ಕಿಂತ ಹೆಚ್ಚು ಕೆಂಪನ್ನು ಕಿತ್ತುಹಾಕಿತ್ತು, ಹಸಿರು ಉಳಿದಿತ್ತು. ಬೇರೆ ಯಾವ ಊರಿನ ಮನುಷ್ಯನಾದರೂ ಆ ಬಟ್ಟೆಯನ್ನು ನೋಡಿದ ಕೂಡಲೇ ಕೆಂಪಾಗಿದೆ ಎನ್ನುತ್ತಿದ್ದ. ನಾವು ಈ ಕಲ್ಲಿನ ನಡುವೆ ಬಾಳುವವರು, ನಮಗೆ ಅದೇ ಬಿಳಿ.

ಬೋರ್ಡು ಬರೆಯುವವರ ಅಂಗಡಿಯಿಂದ ಹಾಲುಬಿಳಿಯ ಪ್ಲಾಸ್ಟಿಕ್ ಹಾಳೆಯ ಒಂದು ತುಂಡು ತಂದೆ. ಗುಡ್ಡ ಬಿಟ್ಟು ದೂರ, ಶಿವಯೋಗ ಮಂದಿರದ ಕಡೆ ಹೊಳೆಯ ದಂಡೆಯ ಬಯಲಿಗೆ ಹೋಗಿ, ಮೋಡ ಮುಸುಕಿದ ಆಕಾಶಕ್ಕೆ ಲೆನ್ಸನ್ನು ಎತ್ತಿ, ಆ ತುಂಡನ್ನು ಲೆನ್ಸಿನ ಬಾಯಿಗೆ ಒತ್ತಿ ಹಿಡಿದು ತೆಗೆದೆ. ಮನೆಗೆ ಬಂದು ತಿದ್ದಿದಾಗ ಗೋಡೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಿಳಿಯಾಗಿತ್ತು. ಕೆಂಪು ಸೆರಗಿನಲ್ಲಿ ಮಾತ್ರ ಇತ್ತು. ಬಾಗಲಕೋಟೆಯ ಆ ಗೃಹಸ್ಥರಿಗೆ ಇದನ್ನು ತೋರಿಸಿ ಏನು ಹೇಳಬೇಕೆಂಬುದನ್ನು ನಾನು ಮನಸ್ಸಿನಲ್ಲಿಯೇ ವಾಕ್ಯ ವಾಕ್ಯವಾಗಿ ಸಿದ್ಧಪಡಿಸಿಕೊಂಡೆ.

ದೊಡ್ಡ ಪ್ರಿಂಟು ಹಾಕಿಸಿ, ಸುರುಳಿ ಸುತ್ತಿ, ಹೆಂಡತಿಯೊಡನೆ ಇಳಕಲ್ಲಿಗೆ ಹೋದೆ. ಮಗ್ಗದ ಕೋಣೆಯಲ್ಲಿ ಅವಳ ತಮ್ಮ ಸುರುಳಿಯನ್ನು ಬಿಚ್ಚಿ ಗೋಡೆಗೆ ಹಿಡಿದು ನೋಡಿದ. ತಮಾಷೆ ಮಾಡಲಿಲ್ಲ. "ಖರೆ ಬಿಳಿ ಬಂದೈತ್ರಿ," ಎಂದ. ನಾನು ಹಾಸಿದ ಜಮಖಾನೆಯ ಮೇಲೆ ಕುಳಿತು ಲೆನ್ಸಿನ ದೋಷವನ್ನು, ಧೋತರದ ಕತೆಯನ್ನು, ಕಲ್ಲಿನ ಬೆಳಕನ್ನು ವಿವರವಾಗಿ ಹೇಳತೊಡಗಿದೆ. ಮಾತಿನ ಭರದಲ್ಲಿ ಅವನ ಮುಖ ಬಿಗಿಯುತ್ತಿದ್ದುದನ್ನು ಗಮನಿಸಿದರೂ ಅರ್ಥವಾಗಲಿಲ್ಲ.

"ಮಾವಾರ," ಎಂದ ಅವನು, ಬಹಳ ತಗ್ಗಿದ ದನಿಯಲ್ಲಿ. "ನನ್ನ ಮ್ಯಾಲೆ ಸಿಟ್ಟಿದ್ರ ನನ್ನ ಕೂಡ ತೀರಿಸ್ಕೋರಿ. ಆಕಿ ಏನ್ ಮಾಡ್ಯಾಳ?"

"ಯಾರು?"

"ಆವಾಗಿಂದ ನೀರು ಹಿಡಕೊಂಡ ನಿಂತಾಳ."

ನಾನು ಕತ್ತನ್ನು ಎಡಕ್ಕೆ ತಿರುಗಿಸಿದೆ. ಅವನ ಹೆಂಡತಿ ನನ್ನ ಭುಜದ ಹತ್ತಿರವೇ ಬಾಗಿ, ನೀರಿನ ತಂಬಿಗೆಯನ್ನು ನನ್ನ ಕಡೆ ಚಾಚಿ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಕೊಟ್ಟ ನೀರನ್ನು ತೆಗೆದುಕೊಳ್ಳದಿದ್ದರೆ ಆ ಮನೆಯ ಸಂಬಂಧ ಬೇಡ ಎಂದು ಹೇಳಿದಂತೆ. ಅವಳು ಅಲ್ಲಿ ನಿಂತಿದ್ದು ನನಗೆ ಕಂಡಿರಲಿಲ್ಲ. ನೆರಳಾಗಿಯೂ ಕಂಡಿರಲಿಲ್ಲ. ಆ ಕಡೆ ಕತ್ತಲೆ ಇರಲಿಲ್ಲ, ಮಸುಕು ಇರಲಿಲ್ಲ. ಏನೂ ಇಲ್ಲ ಎಂಬುದೂ ತಿಳಿಯದಂತೆ ಏನೂ ಇರಲಿಲ್ಲ.

ತಂಬಿಗೆಯನ್ನು ಎರಡೂ ಕೈಯಿಂದ ತೆಗೆದುಕೊಂಡು ಕುಡಿದೆ. ಹುನಗುಂದದ ಬಸ್ ನಿಲ್ದಾಣ ನೆನಪಾಯಿತು. ಎಡಗಡೆಯಿಂದ ಶಿಸ್ತಿಲ್ಲದೆ ಚಿತ್ರದೊಳಗೆ ನುಗ್ಗುತ್ತಿದ್ದ ಜನರೆಲ್ಲ ನೆನಪಾದರು. ಹೆಂಡತಿಯ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ಅವರಿಗೆ ಕಂಡಿಲ್ಲವ್ವಾ," ಎಂದಳು ತಮ್ಮನ ಹೆಂಡತಿಗೆ. "ಸಿಟ್ಟಲ್ಲ. ಕಂಡಿಲ್ಲ."

ಮರುದಿನವೇ ಹೆಂಡತಿ ನನ್ನನ್ನು ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಕರೆದೊಯ್ದಳು. ವೈದ್ಯೆ ಚಿಕ್ಕ ವಯಸ್ಸಿನವರು. ಮೊದಲ ಮಾತಿಗೇ ನನ್ನನ್ನು "ಅಜ್ಜಾರ" ಎಂದು ಕರೆದದ್ದು ನನಗೆ ಹಿಡಿಸಲಿಲ್ಲ. ಕಣ್ಣಿನ ಒತ್ತಡ ಅಳೆದರು. ತಂದೆಯವರ ವಿಷಯ ಕೇಳಿದರು. ಆಮೇಲೆ ಒಂದು ಯಂತ್ರದ ಮುಂದೆ ಕೂರಿಸಿದರು. ಅದರೊಳಗೆ ಬೋಗುಣಿಯಂಥ ಬಿಳಿಯ ಗೋಳ, ಒಂದೇ ಸಮನಾಗಿ ಬೆಳಗಿತ್ತು. ನೆರಳಿಲ್ಲ, ಬಣ್ಣವಿಲ್ಲ. ಗದ್ದವನ್ನು ಆಸರೆಯ ಮೇಲಿಟ್ಟು ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆಯನ್ನೇ ನೋಡಬೇಕು. ಸುತ್ತ ಎಲ್ಲಿಯಾದರೂ ಸಣ್ಣ ಬೆಳಕು ಮಿನುಗಿದರೆ ಕೈಯಲ್ಲಿನ ಗುಂಡಿ ಒತ್ತಬೇಕು.

ನಾನು ಹೊಳೆಯ ದಂಡೆಯಲ್ಲಿ ಲೆನ್ಸಿಗೆ ಮಾಡಿದ್ದನ್ನೇ ಇವರು ನನಗೆ ಮಾಡುತ್ತಿದ್ದಾರೆ ಎಂಬುದು ತಿಳಿಯಿತು. ಬಲಗಣ್ಣಿಗೆ ಬೆಳಕುಗಳು ಕಂಡವು, ಒತ್ತಿದೆ. ಎಡಗಣ್ಣಿನ ಸರದಿ ಬಂದಾಗ ಯಂತ್ರ ಒಳಗೊಳಗೆ ಟಿಕ್ ಟಿಕ್ ಎನ್ನುತ್ತಿತ್ತು, ಆದರೆ ಗೋಳ ಬಿಳಿಯಾಗಿಯೇ ಉಳಿಯಿತು. ಪ್ರತಿ ಸದ್ದಿಗೂ ಎಲ್ಲೋ ಒಂದು ಬೆಳಕು ಬಂದು ಹೋಗುತ್ತಿದೆ, ನನಗೆ ಮಾತ್ರ ಕಾಣುತ್ತಿಲ್ಲ. ಸುಳ್ಳೇ ಗುಂಡಿ ಒತ್ತಿಬಿಡೋಣವೆನ್ನಿಸಿತು. ಒತ್ತಲಿಲ್ಲ.

"ಎಡಗಣ್ಣಿನಾಗ ನೋಟ ಭಾಳ ಹೋಗೈತ್ರಿ ಅಜ್ಜಾರ," ಎಂದರು ವೈದ್ಯೆ. "ಬಲಗಣ್ಣಿಗೆ ಈಗ ಸುರು ಆಗೈತಿ. ದಿನಾ ಔಷಧ ಹಾಕ್ಕೋಬೇಕು. ಒಂದ್ ದಿನಾನೂ ತಪ್ಪಿಸಬ್ಯಾಡ್ರಿ. ಬಲಗಣ್ಣು ಉಳಿಸ್ಕೋಬಹುದು."

"ಎಡಗಣ್ಣಿನಾಗ ಏನ್ ಹೋಗೈತಿ ಅಂತ ನಿಮ್ಮ ಯಂತ್ರ ಅಳತಿ ಮಾಡೇತಲ್ಲ. ಅಷ್ಟು ತಿದ್ದಾಕ ಬರೂದಿಲ್ಲೇನ್ರಿ?"

"ಬರೂದಿಲ್ರಿ. ಹೋಗಿದ್ದು ಹೋತು. ಇನ್ನ ಹೋಗದಂಗ ನೋಡ್ಕೋಬೇಕು. ಲಗೂ ಬಂದಿದ್ರ ಚೊಲೊ ಆಗ್ತಿತ್ತು."

ಮೊದಲು ಕಣ್ಣು ತೋರಿಸಿ ಎಂದು ಒಬ್ಬರು ಹೇಳಿದ್ದರು, ಇದೇ ಊರಿನಲ್ಲಿ, ಎಲ್ಲರೆದುರು. ಅವರು ನನ್ನ ಒಳಿತಿಗಾಗಿ ಹೇಳಿರಲಿಲ್ಲ, ನಗಿಸಲು ಹೇಳಿದ್ದರು. ಆದ್ದರಿಂದ ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ದವಾಖಾನೆಯಿಂದ ಬಸ್ ನಿಲ್ದಾಣಕ್ಕೆ ನಡೆದುಕೊಂಡು ಹೊರಟೆವು. ಆಟೋಗಳು, ಬೈಕುಗಳು ಎಡಬಲದಿಂದ ಹಾಯುತ್ತಿದ್ದವು. ಎಡಗಡೆಯ ಪ್ರತಿಯೊಂದು ಸದ್ದೂ ಈಗ ಹಿತ್ತಲಿನ ಎತ್ತಿನ ಹಾಗೆ ಕೇಳುತ್ತಿತ್ತು. ಹೆಂಡತಿ ಬಲಕ್ಕೆ ನಡೆಯುತ್ತಿದ್ದಳು. ನೋಡುತ್ತಿದ್ದ ಹಾಗೆಯೇ ಕಾಣದಾದಳು. ನಾನು ಗಾಬರಿಯಿಂದ ನಿಂತೆ.

"ಇಲ್ಲೇ ಅದೇನಿ," ಎಂಬ ದನಿ ಎಡಗಡೆಯಿಂದ ಬಂತು. ಅವಳು ನನ್ನ ತೋಳನ್ನು ಹಿಡಿದಳು.

"ಬಲಕ್ಕ ಬಾ. ನೀ ಕಾಣೂದಿಲ್ಲ."

"ನಾ ಕಾಣದಿದ್ರ ನಡೀತೈತಿ. ಆ ಕಡಿಂದ ಬರೂ ಗಾಡಿ ಯಾರಿಗರ ಕಾಣಬೇಕಲ್ಲ. ನಡೀರಿ."

ನಾನು ಮುಂದೆ ನೋಡುತ್ತ ನಡೆದೆ. ಅವಳ ಬೆರಳುಗಳು ತೋಳಿನ ಮೇಲೆ ಬಿಗಿಯಾದಾಗ ನಿಲ್ಲುತ್ತಿದ್ದೆ, ಸಡಿಲವಾದಾಗ ಹೆಜ್ಜೆ ಇಡುತ್ತಿದ್ದೆ.